ಒಂದಗುಳು ಹಿಸುಕಿ ನೋಡಿದರೆ ಸಾಲದು: ಪ್ರೋಗ್ರಾಮಿಂಗ್ ಪಾಠದಲ್ಲಿ ಟೆಸ್ಟಿಂಗ್‌ನ ಜಾಗ

ಪ್ರಶ್ನೆ: ನಾನು ಪುಣೆಯ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಮೊದಲ ವರ್ಷದವರಿಗೆ ಪ್ರೋಗ್ರಾಮಿಂಗ್ ಕಲಿಸುತ್ತೇನೆ. ನಮ್ಮಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಬರುವುದು ಕೊನೆಯ ವರ್ಷಗಳಲ್ಲಿ, ಅದೂ ಐಚ್ಛಿಕ ವಿಷಯವಾಗಿ. ಮೊದಲ ಸೆಮಿಸ್ಟರಿನಿಂದಲೇ ಅದು ಬೇಕು ಎಂದು ನನ್ನ ಅನಿಸಿಕೆ. ಹಿರಿಯ ಸಹೋದ್ಯೋಗಿಗಳು ‘ಲೂಪ್ ಬರೆಯಲು ತಡವರಿಸುವವರ ಮೇಲೆ ಇನ್ನೊಂದು ಹೊರೆ ಏಕೆ’ ಎನ್ನುತ್ತಾರೆ. ವಿದ್ಯಾರ್ಥಿಗಳಿಗೋ, ನೌಕರಿ ಸಿಕ್ಕ ಮೇಲೆ ತಮ್ಮನ್ನು ‘ಟೆಸ್ಟಿಂಗಿಗೆ ಹಾಕಿಬಿಡುತ್ತಾರೆ’ ಎಂಬ ಭಯ. ತರಗತಿಯಲ್ಲಿ ಮಹಾರಾಷ್ಟ್ರದ ಗಡಿಭಾಗದ ಜತ್ತ, ಅಕ್ಕಲಕೋಟೆಯ ಕಡೆಯಿಂದ ಕನ್ನಡ ಮಾಧ್ಯಮದಲ್ಲಿ ಓದಿ ಬಂದವರೂ ಕೆಲವರಿದ್ದಾರೆ. ಟೆಸ್ಟಿಂಗ್‌ಗೆ ಸಲ್ಲಬೇಕಾದ ಜಾಗ ಯಾವುದು?

ಉತ್ತರ: ಮೊದಲ ಸೆಮಿಸ್ಟರಿನಿಂದಲೇ ಬೇಕು ಎಂಬ ನಿಮ್ಮ ಮಾತನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ. ನಿಮ್ಮ ಹಿರಿಯರ ಆತಂಕಕ್ಕೂ ಕಾರಣವಿದೆ. ಟೆಸ್ಟಿಂಗನ್ನು ವ್ಯಾಖ್ಯೆಗಳು, ವರ್ಗೀಕರಣಗಳು, ಉಪಕರಣಗಳ ಹೆಸರುಗಳೊಡನೆ ಇನ್ನೊಂದು ಅಧ್ಯಾಯವಾಗಿ ತಂದು ಕೂರಿಸಿದರೆ ಅದು ಖಂಡಿತವಾಗಿಯೂ ಹೊರೆಯಾಗುತ್ತದೆ. ಮಕ್ಕಳು ಅದನ್ನೂ ಬಾಯಿಪಾಠ ಮಾಡಿ ಉತ್ತರಪತ್ರಿಕೆಯಲ್ಲಿ ಇಳಿಸಿಬರುತ್ತಾರೆ. ಮೊದಲ ವರ್ಷಕ್ಕೆ ಬೇಕಾದದ್ದು ಒಂದೇ ಅಭ್ಯಾಸ: ಕೋಡಿನ ಮೊದಲ ಸಾಲನ್ನು ಬರೆಯುವ ಮುನ್ನ, ಯಾವ ಇನ್‌ಪುಟ್‌ಗೆ ಯಾವ ಉತ್ತರ ಬರಬೇಕು ಎಂಬುದನ್ನು ವಿದ್ಯಾರ್ಥಿ ಕೈಯಿಂದ ಲೆಕ್ಕ ಹಾಕಿ ಬರೆದಿಡಬೇಕು, ಮತ್ತು ಆ ಇನ್‌ಪುಟ್‌ಗಳನ್ನು ಅವನೇ, ಅವಳೇ ಆರಿಸಬೇಕು. ಈ ಅಭ್ಯಾಸಕ್ಕೆ ಪ್ರತ್ಯೇಕ ಪೀರಿಯಡ್ ಬೇಕಿಲ್ಲ, ಪ್ರತಿ ಪ್ರಾಕ್ಟಿಕಲ್‌ನಲ್ಲೂ ಮೊದಲ ಹತ್ತು ನಿಮಿಷ ಬೇಕು.

ನಮ್ಮ ಮುಂಬಯಿ, ಪುಣೆಯ ಕಾಲೇಜುಗಳಲ್ಲಿ ಪ್ರಾಕ್ಟಿಕಲ್ ಹೇಗೆ ನಡೆಯುತ್ತದೆ ಎಂಬುದು ನಿಮಗೂ ಗೊತ್ತು. ವಿದ್ಯಾರ್ಥಿ ಕೋಡ್ ಟೈಪ್ ಮಾಡುತ್ತಾನೆ, ಕಂಪೈಲ್ ದೋಷಗಳನ್ನು ಒಂದೊಂದಾಗಿ ತೆಗೆಯುತ್ತಾನೆ, ಪರದೆಯ ಮೇಲೆ ಏನೋ ಮೂಡಿದ ಕೂಡಲೇ ‘ಔಟ್‌ಪುಟ್ ಬಂತು ಸರ್’ ಎಂದು ಕೈ ಎತ್ತುತ್ತಾನೆ. ಅದರ ಪ್ರಿಂಟ್ ಜರ್ನಲ್‌ಗೆ ಅಂಟುತ್ತದೆ, ಸಹಿ ಬೀಳುತ್ತದೆ. ‘ಔಟ್‌ಪುಟ್ ಬಂತು’ ಎಂಬ ಈ ಎರಡು ಪದಗಳನ್ನು ನಾನು ಬಹಳ ವರ್ಷ ಕೇಳಿದ್ದೇನೆ, ಪ್ರತಿ ಸಲವೂ ಮನಸ್ಸಿಗೆ ಕಸಿವಿಸಿಯಾಗಿದೆ. ಬಂದದ್ದು ಸರಿಯಾದ ಉತ್ತರವೇ ಎಂದು ಕೇಳಿದರೆ ವಿದ್ಯಾರ್ಥಿ ಪಕ್ಕದವನ ಪರದೆಯನ್ನು ನೋಡುತ್ತಾನೆ. ಏಕೆಂದರೆ ಏನು ಬರಬೇಕಿತ್ತು ಎಂಬುದನ್ನು ಅವನು ಮೊದಲು ಯೋಚಿಸಿಯೇ ಇರುವುದಿಲ್ಲ. ಇದರಲ್ಲಿ ಅವನ ತಪ್ಪಿಲ್ಲ. ಪ್ರೋಗ್ರಾಮ್ ಮುಗಿಯುವುದು ಔಟ್‌ಪುಟ್ ಕಂಡಾಗ ಎಂದು ನಾವೇ ಅವನಿಗೆ ಕಲಿಸಿದ್ದೇವೆ.

ಎಲ್ಲ ಕಾಲೇಜುಗಳಲ್ಲೂ ಕೊಡುವ ಒಂದು ಅಭ್ಯಾಸವನ್ನೇ ತೆಗೆದುಕೊಳ್ಳೋಣ: ಕೊಟ್ಟ ಪದ ಪಾಲಿಂಡ್ರೋಮ್ ಹೌದೋ ಅಲ್ಲವೋ, ಅಂದರೆ ಹಿಂದುಮುಂದಾಗಿ ಓದಿದರೂ ಒಂದೇ ಆಗಿರುತ್ತದೋ ಇಲ್ಲವೋ ಎಂದು ಹೇಳುವ ಪ್ರೋಗ್ರಾಮ್. ಪೈಥಾನ್‌ನಲ್ಲಿ ಪದವನ್ನು ತಿರುಗಿಸಿ ಮೂಲದೊಡನೆ ಹೋಲಿಸಿದರೆ ಮುಗಿಯಿತು. ವಿದ್ಯಾರ್ಥಿಗಳು ಇಂಗ್ಲಿಷಿನ ‘madam’ ಕೊಟ್ಟು ನೋಡುತ್ತಾರೆ, ‘ಹೌದು’ ಎಂದು ಬರುತ್ತದೆ. ಕನ್ನಡದಲ್ಲಿ ‘ಕನಕ’ ಕೊಟ್ಟರೂ ‘ಹೌದು’ ಎಂದೇ ಬರುತ್ತದೆ. ಈಗ ‘ವಿಕಟಕವಿ’ ಕೊಡಿ. ತೆನಾಲಿ ರಾಮಕೃಷ್ಣನ ಕಥೆ ಕೇಳಿದ ಮಗುವಿಗೂ ಇದು ಎರಡೂ ಕಡೆಯಿಂದ ಒಂದೇ ಎಂದು ಗೊತ್ತು, ಆದರೆ ಪ್ರೋಗ್ರಾಮ್ ‘ಅಲ್ಲ’ ಎನ್ನುತ್ತದೆ. ಕಾರಣ, ಕಂಪ್ಯೂಟರಿನಲ್ಲಿ ಪ್ರತಿ ಅಕ್ಷರಕ್ಕೂ ಚಿಹ್ನೆಗೂ ಒಂದೊಂದು ಸಂಕೇತ ಕೊಡುವ ಪದ್ಧತಿಯಾದ ಯೂನಿಕೋಡ್‌ನಲ್ಲಿ ‘ವಿ’ ಎಂಬುದು ಒಂದು ಸಂಕೇತವಲ್ಲ. ‘ವ’ ಒಂದು, ಕಾಗುಣಿತದ ಚಿಹ್ನೆ ಇನ್ನೊಂದು. ತಿರುಗಿಸಿದಾಗ ಚಿಹ್ನೆ ಮುಂದಕ್ಕೆ ಬಂದು ಅಕ್ಷರ ಹಿಂದುಳಿಯುತ್ತದೆ.

ಇದರೊಳಗೆ ಇನ್ನೊಂದು ಸೂಕ್ಷ್ಮವಿದೆ. ಪದವನ್ನು ತಿರುಗಿಸುವ ಆ ಫಂಕ್ಷನ್ನನ್ನು, ಅಂದರೆ ಪ್ರೋಗ್ರಾಮಿನ ಆ ತುಂಡನ್ನು ಮಾತ್ರ ಪರೀಕ್ಷಿಸಲು ನೀವು ‘ಕನ್ನಡ’ ಎಂಬ ಪದವನ್ನೇ ಆರಿಸಿಕೊಂಡಿರಿ ಎನ್ನೋಣ. ಕ, ನ, ಅರ್ಧಾಕ್ಷರದ ಚಿಹ್ನೆ, ನ, ಡ ಎಂದು ಅದರಲ್ಲಿ 5 ಸಂಕೇತಗಳಿವೆ. ತಿರುಗಿಸಿದರೆ ‘ಡನ್ನಕ’ ಎಂದು ಚೊಕ್ಕಟವಾಗಿಯೇ ಬರುತ್ತದೆ, ಏಕೆಂದರೆ ಒತ್ತಕ್ಷರದ ಎರಡೂ ಬದಿಯಲ್ಲಿ ‘ನ’ ಇದೆ. ಅದೇ ‘ಪುಣೆ’ ಎಂದು ಕೊಟ್ಟಿದ್ದರೆ ಎತ್ವದ ಚಿಹ್ನೆ ಅಕ್ಷರದ ಆಸರೆಯಿಲ್ಲದೆ ಮೊದಲಿಗೇ ನೇತಾಡುವುದು ಕಾಣುತ್ತಿತ್ತು. ಫಂಕ್ಷನ್ ಎರಡು ಸಲವೂ ಒಂದೇ, ಅದರ ದೋಷವೂ ಒಂದೇ; ಒಂದು ಇನ್‌ಪುಟ್ ಅದನ್ನು ಮುಚ್ಚಿಟ್ಟಿತು, ಇನ್ನೊಂದು ಬಯಲಿಗೆಳೆಯಿತು. ಟೆಸ್ಟಿಂಗ್ ಎಂದರೆ ಬೌದ್ಧಿಕ ಕೆಲಸ ಎಂಬುದನ್ನು ಮೊದಲ ವರ್ಷದ ವಿದ್ಯಾರ್ಥಿಗೆ ಮನಗಾಣಿಸಲು ಇದಕ್ಕಿಂತ ಹತ್ತಿರದ ಉದಾಹರಣೆ ನನಗೆ ಸಿಕ್ಕಿಲ್ಲ. ‘ಗೋವಾ’ ಎಂಬ ಪದವನ್ನೂ ಒಮ್ಮೆ ಕೊಟ್ಟು ನೋಡಿ: ‘ಗೋ’ದ ದೀರ್ಘ ಓಕಾರವನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಬಿಡಿಸಿ ಮೂರು ಸಂಕೇತಗಳಾಗಿಯೂ ಬರೆಯಬಹುದು, ಕಣ್ಣಿಗೆ ಎರಡೂ ಒಂದೇ, ಹೋಲಿಸಿದರೆ ಪ್ರೋಗ್ರಾಮಿಗೆ ಬೇರೆ ಬೇರೆ.

ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದಗುಳು ಹಿಸುಕಿ ನೋಡಿದರೆ ಸಾಕು ಎಂಬುದು ನಮ್ಮ ಮನೆಗಳಲ್ಲಿ ಎಲ್ಲರೂ ಬಲ್ಲ ಮಾತು. ಪಾತ್ರೆಯ ಎಲ್ಲ ಅಕ್ಕಿಯೂ ಒಂದೇ ನೀರಿನಲ್ಲಿ, ಒಂದೇ ಉರಿಯಲ್ಲಿ ಬೇಯುವುದರಿಂದ ಅಲ್ಲಿ ಈ ಮಾತು ಸಲ್ಲುತ್ತದೆ. ಪ್ರೋಗ್ರಾಮಿನಲ್ಲಿ ಪಕ್ಕಪಕ್ಕದ ಎರಡು ಇನ್‌ಪುಟ್‌ಗಳು ಬೇರೆ ಬೇರೆ ದಾರಿ ಹಿಡಿಯಬಹುದು. 99ಕ್ಕೆ ಸರಿಯಾಗಿ ನಡೆದದ್ದು 100ಕ್ಕೆ ಕುಸಿಯಬಹುದು. ವಿದ್ಯಾರ್ಥಿ ಒಂದು ಇನ್‌ಪುಟ್ ಕೊಟ್ಟು ‘ಬಂತು’ ಎನ್ನುವಾಗ ಅವನು ಮಾಡುತ್ತಿರುವುದು ಈ ಒಂದಗುಳಿನ ತೀರ್ಮಾನವನ್ನೇ.

ಇದು ಎಳೆಯರ ಸಮಸ್ಯೆ ಮಾತ್ರ ಎಂದು ಯಾರಾದರೂ ಹೇಳಿದರೆ ಬೈನರಿ ಸರ್ಚ್‌ನ ಕಥೆಯನ್ನು ಅವರ ಮುಂದಿಡಿ. ಅನುಕ್ರಮವಾಗಿ ಜೋಡಿಸಿದ ಪಟ್ಟಿಯಲ್ಲಿ ಒಂದು ಸಂಖ್ಯೆಯನ್ನು ಹುಡುಕಲು ಪ್ರತಿ ಹೆಜ್ಜೆಯಲ್ಲೂ ಮಧ್ಯದ ಸ್ಥಾನವನ್ನು ನೋಡಿ ಅರ್ಧ ಪಟ್ಟಿಯನ್ನು ಬಿಟ್ಟುಬಿಡುವ ಈ ವಿಧಾನವನ್ನು ನೀವೂ ಕಲಿಸುತ್ತೀರಿ. ಮಧ್ಯಸ್ಥಾನಕ್ಕೆ ಮೊದಲ ಮತ್ತು ಕೊನೆಯ ಸ್ಥಾನಗಳನ್ನು ಕೂಡಿ ಎರಡರಿಂದ ಭಾಗಿಸು ಎಂದು ದಶಕಗಳ ಕಾಲ ಎಲ್ಲ ಕಡೆ ಬರೆದರು. 2006ರಲ್ಲಿ ಜೋಶುವಾ ಬ್ಲಾಕ್ ಅವರು ಆ ಕೂಡುವಿಕೆಯಲ್ಲೇ ದೋಷವಿದೆ ಎಂದು ಬಹಿರಂಗಪಡಿಸಿದರು. ಧನ, ಋಣ ಎರಡೂ ಸಂಖ್ಯೆಗಳನ್ನು ಹಿಡಿಯುವ 32 ಬಿಟ್‌ಗಳ ಪೂರ್ಣಾಂಕದ ಗರಿಷ್ಠ ಬೆಲೆ 2,147,483,647. ಪಟ್ಟಿ ನೂರು ಕೋಟಿಗೂ ಮಿಗಿಲಾಗಿ ದೊಡ್ಡದಾದಾಗ ಎರಡು ಸ್ಥಾನಗಳ ಮೊತ್ತ ಆ ಮಿತಿಯನ್ನು ದಾಟಿ ಋಣಸಂಖ್ಯೆಯಾಗುತ್ತದೆ. ಜಾವಾದ ಗ್ರಂಥಾಲಯದಲ್ಲಿ ಸ್ವತಃ ಬ್ಲಾಕ್ ಅವರೇ ಬರೆದ ಕೋಡಿನಲ್ಲಿ ಈ ದೋಷ ಸುಮಾರು ಒಂಬತ್ತು ವರ್ಷ ಅಡಗಿತ್ತು. ಅವರ ಗುರು ಸ್ಥಾನದಲ್ಲಿದ್ದ ಜಾನ್ ಬೆಂಟ್ಲಿ ಅವರು ಕಾಗದದ ಮೇಲೆ ಸರಿಯೆಂದು ಸಾಧಿಸಿ ತೋರಿಸಿದ್ದ ಪ್ರೋಗ್ರಾಮಿನಲ್ಲೂ ಅದೇ ಇತ್ತು. ಪರಿಹಾರ ಸರಳ: ಕೊನೆಯ ಸ್ಥಾನದಿಂದ ಮೊದಲ ಸ್ಥಾನವನ್ನು ಕಳೆದು, ಅರ್ಧ ಮಾಡಿ, ಮೊದಲ ಸ್ಥಾನಕ್ಕೆ ಕೂಡಿದರಾಯಿತು. ಟೆಸ್ಟಿಂಗ್ ದೋಷ ಇದೆ ಎಂಬುದನ್ನು ತೋರಿಸಬಲ್ಲದೇ ಹೊರತು ಇಲ್ಲ ಎಂಬುದನ್ನಲ್ಲ ಎಂದು ಗಣಕವಿಜ್ಞಾನಿ ಡೈಕ್‌ಸ್ಟ್ರಾ 1969ರಲ್ಲೇ ಎಚ್ಚರಿಸಿದ್ದರು, ಅದು ನಿಜ. ಆದರೆ ಕಾಗದದ ಮೇಲಿನ ಸಾಧನೆಯೊಂದೇ ಸಾಲದು ಎಂಬುದಕ್ಕೆ ಈ ಪ್ರಸಂಗವೇ ಸಾಕ್ಷಿ. ಗಣಿತದ ಪೂರ್ಣಾಂಕಕ್ಕೆ ಮಿತಿಯಿಲ್ಲ, ಯಂತ್ರದ ಪೂರ್ಣಾಂಕಕ್ಕೆ ಇದೆ.

ನನ್ನ ಅನುಭವದ ಒಂದು ಮಾತನ್ನೂ ಹೇಳಬೇಕು. ಸುಮಾರು ಇಪ್ಪತ್ತು ವರ್ಷಗಳ ಹಿಂದೆ ಪುಣೆಯ ಒಂದು ಕಂಪನಿಯಲ್ಲಿ ಸಾಲದ ಮಾಸಿಕ ಕಂತುಗಳ ದಿನಾಂಕವನ್ನು ಲೆಕ್ಕ ಹಾಕುವ ಪ್ರೋಗ್ರಾಮನ್ನು ನಾನು ಬರೆದೆ. ಹಿಂದಿನ ಕಂತಿನ ದಿನಾಂಕಕ್ಕೆ ಒಂದು ತಿಂಗಳು ಕೂಡು ಎಂಬುದು ಅದರ ತಿರುಳು. 5ನೇ ತಾರೀಖು, 15ನೇ ತಾರೀಖು ಕೊಟ್ಟು ನಾನು ನೋಡಿದೆ, ನಮ್ಮ ಟೆಸ್ಟಿಂಗ್ ವಿಭಾಗದವರೂ ಅಂಥವನ್ನೇ ನೋಡಿದರು. ಜನವರಿ 31ಕ್ಕೆ ಒಂದು ತಿಂಗಳು ಕೂಡಿದರೆ ಫೆಬ್ರವರಿ 28 ಬರುತ್ತದೆ, ಅದು ಸರಿಯೇ. ಅದಕ್ಕೆ ಮತ್ತೆ ಒಂದು ತಿಂಗಳು ಕೂಡಿದರೆ ಮಾರ್ಚ್ 28. ಅಲ್ಲಿಂದ ಮುಂದೆ ಕಂತು ಶಾಶ್ವತವಾಗಿ 28ಕ್ಕೇ ನಿಂತುಬಿಟ್ಟಿತು. ತಿಂಗಳ ಕೊನೆಯ ದಿನ ಸಂಬಳ ಬರುವ ಜನ 31ನೇ ತಾರೀಖನ್ನು ಬೇಕೆಂದೇ ಆರಿಸಿಕೊಂಡಿದ್ದರು. ಅವರ ಖಾತೆಯಲ್ಲಿ ಹಣವಿಲ್ಲದ ದಿನ ಕಂತು ಹೋಗಿ ತಗಲಿ, ಹಿಂದಿರುಗಿ, ದಂಡ ಬಿತ್ತು. ದಂಡವನ್ನು ಮರಳಿಸಿದರು, ಕೋಡನ್ನು ನಾನು ತಿದ್ದಿದೆ: ಪ್ರತಿ ಕಂತನ್ನೂ ಮೊದಲ ದಿನಾಂಕದಿಂದಲೇ ಎಣಿಸಬೇಕಿತ್ತು. ಆದರೆ ದಂಡ ಕಟ್ಟಿದವರ ಪತ್ರಗಳನ್ನು ಓದಿದ ಆ ವಾರವನ್ನು ನಾನು ಮರೆತಿಲ್ಲ. ನನಗೆ ಆ ಕಾಲಕ್ಕೆ ಪ್ರೋಗ್ರಾಮಿಂಗ್ ಚೆನ್ನಾಗಿಯೇ ಬರುತ್ತಿತ್ತು. ಯಾವ ದಿನಾಂಕ ತೊಂದರೆ ಕೊಡಬಹುದು ಎಂದು ಕೇಳಿಕೊಳ್ಳುವುದನ್ನು ಮಾತ್ರ ನನಗೆ ಯಾರೂ ಕಲಿಸಿರಲಿಲ್ಲ.

ಇನ್‌ಪುಟ್ ಆರಿಸುವ ಕೆಲಸ ವಿದ್ಯಾರ್ಥಿಯನ್ನು ಇನ್ನೂ ಒಂದು ಕಡೆಗೆ ಒಯ್ಯುತ್ತದೆ, ನನಗೆ ಅದೇ ಹೆಚ್ಚು ಬೆಲೆಯುಳ್ಳದ್ದು ಎನ್ನಿಸುತ್ತದೆ. ಆಟೋರಿಕ್ಷಾದ ಬಾಡಿಗೆ ಲೆಕ್ಕ ಹಾಕುವ ಫಂಕ್ಷನ್ ಬರೆಯಲು ಹೇಳಿ. ಮುಂಬಯಿಯಲ್ಲೂ ಪುಣೆಯಲ್ಲೂ ಮೊದಲ 1.5 ಕಿಲೋಮೀಟರಿಗೆ ಕನಿಷ್ಠ ದರ, ಆಮೇಲೆ ದೂರಕ್ಕೆ ತಕ್ಕಂತೆ, ಮಧ್ಯರಾತ್ರಿಯ ಮೇಲೆ ಹೆಚ್ಚಿನ ದರ ಎಂಬುದು ಎಲ್ಲ ವಿದ್ಯಾರ್ಥಿಗಳಿಗೂ ಗೊತ್ತಿರುವ ವಿಷಯ. ಸರಿಯಾಗಿ 1.5 ಕಿಲೋಮೀಟರ್ ಹೋದರೆ ಎಷ್ಟು, ಅದಕ್ಕಿಂತ ಸ್ವಲ್ಪ ಹೆಚ್ಚಾದರೆ ಎಷ್ಟು ಎಂದು ಅವರು ತಾವೇ ಕೇಳಿಕೊಳ್ಳಲು ತೊಡಗುತ್ತಾರೆ. ಆಮೇಲೆ ಒಬ್ಬಳು ಕೇಳುತ್ತಾಳೆ: ರಾತ್ರಿ 11.50ಕ್ಕೆ ಸ್ವಾರಗೇಟಿನಲ್ಲಿ ಹತ್ತಿ 12.10ಕ್ಕೆ ಇಳಿದರೆ ಯಾವ ದರ? ನೀವು ಕೊಟ್ಟ ಪ್ರಶ್ನೆಯಲ್ಲಿ ಇದಕ್ಕೆ ಉತ್ತರವಿರುವುದಿಲ್ಲ. ಕೋಡ್ ಬರೆಯುವವರು ತಮಗೆ ತೋಚಿದ್ದನ್ನು ಬರೆದು ಮುಂದೆ ಹೋಗುತ್ತಾರೆ, ಹಾಗೆ ತೋಚಿದ್ದು ಯಾರ ಗಮನಕ್ಕೂ ಬಾರದೆ ನಿಯಮವಾಗಿಬಿಡುತ್ತದೆ. ನಿರೀಕ್ಷಿತ ಉತ್ತರವನ್ನು ಮೊದಲೇ ಬರೆಯಬೇಕಾದವಳು ಮಾತ್ರ ನಿಮ್ಮ ಬಳಿ ಬಂದು ‘ಸರ್, ಇದು ಪ್ರಶ್ನೆಯಲ್ಲಿ ಇಲ್ಲವಲ್ಲ’ ಎನ್ನುತ್ತಾಳೆ. ಆ ದಿನ ಅವಳು ಸಾಫ್ಟ್‌ವೇರ್ ಎಂಜಿನಿಯರಿಂಗಿನ ಅರ್ಧ ಭಾಗವನ್ನು ಕಲಿತಂತೆ.

ಮೌಲ್ಯಮಾಪನ ಹೇಗೆ ಎಂಬುದು ನಿಮ್ಮ ಮುಂದಿನ ಪ್ರಶ್ನೆಯಾಗಬಹುದು, ಏಕೆಂದರೆ ಅಂಕವಿಲ್ಲದ್ದನ್ನು ನಮ್ಮ ಮಕ್ಕಳು ಮಾಡುವುದಿಲ್ಲ. ಗ್ಲೆನ್‌ಫೋರ್ಡ್ ಮಯರ್ಸ್ 1979ರಲ್ಲಿ ಟೆಸ್ಟಿಂಗ್ ಬಗ್ಗೆ ಬರೆದ ಪುಸ್ತಕದ ಆರಂಭದಲ್ಲೇ ಕೊಟ್ಟ ಅಭ್ಯಾಸ ಇಲ್ಲಿ ಉಪಯೋಗಕ್ಕೆ ಬರುತ್ತದೆ: ಮೂರು ಬಾಹುಗಳ ಉದ್ದ ಕೊಟ್ಟರೆ ತ್ರಿಭುಜ ಸಮಬಾಹುವೋ, ಸಮದ್ವಿಬಾಹುವೋ, ವಿಷಮಬಾಹುವೋ ಎಂದು ಹೇಳುವ ಪ್ರೋಗ್ರಾಮ್. ಇದನ್ನು ಬರೆಯಿಸುವ ಮೊದಲು ನೀವೇ ಆರು ತಪ್ಪು ಪ್ರೋಗ್ರಾಮುಗಳನ್ನು ಬರೆದಿಟ್ಟುಕೊಳ್ಳಿ. ಒಂದು 1, 2, 3ನ್ನು ತ್ರಿಭುಜವೆಂದೇ ಒಪ್ಪಲಿ. ಒಂದು ಎರಡು ಬಾಹುಗಳ ಮೊತ್ತವನ್ನು ಒಂದೇ ಕ್ರಮದಲ್ಲಿ ನೋಡಿ 2, 3, 6ನ್ನು ತಿರಸ್ಕರಿಸಿ 6, 2, 3ನ್ನು ಒಪ್ಪಲಿ. ಒಂದು ಮೊದಲ ಎರಡು ಬಾಹುಗಳು ಸಮವಿದ್ದಾಗ ಮಾತ್ರ ಸಮದ್ವಿಬಾಹು ಎನ್ನಲಿ. ಇನ್ನೊಂದು ಸೊನ್ನೆಯನ್ನು ಪ್ರಶ್ನಿಸದೆ ನುಂಗಲಿ. ವಿದ್ಯಾರ್ಥಿಗಳು ಬರೆದ ಟೆಸ್ಟ್ ಕೇಸುಗಳನ್ನು, ಅಂದರೆ ಇನ್‌ಪುಟ್ ಮತ್ತು ನಿರೀಕ್ಷಿತ ಉತ್ತರದ ಜೋಡಿಗಳನ್ನು, ಈ ಆರರ ಮೇಲೆ ಓಡಿಸಿ, ಎಷ್ಟನ್ನು ಹಿಡಿದವೋ ಅಷ್ಟು ಅಂಕ ಕೊಡಿ. ಬೇಕೆಂದೇ ದೋಷ ಸೇರಿಸಿ ಟೆಸ್ಟುಗಳ ಗುಣವನ್ನು ಅಳೆಯುವ ಈ ವಿಚಾರವನ್ನು ಡಿಮಿಲೋ, ಲಿಪ್ಟನ್, ಸೇವರ್ಡ್ 1978ರಷ್ಟು ಹಿಂದೆಯೇ ಮಂಡಿಸಿದ್ದರು. ವಿದ್ಯಾರ್ಥಿ ಬರೆದ ಟೆಸ್ಟುಗಳಿಗೇ ಅಂಕ ಕೊಡುವ ಪದ್ಧತಿಯನ್ನು ಅಮೆರಿಕದ ವರ್ಜೀನಿಯಾ ಟೆಕ್‌ನಲ್ಲಿ ಸ್ಟೀಫನ್ ಎಡ್ವರ್ಡ್ಸ್ ಅವರು ವೆಬ್‌ಕ್ಯಾಟ್ ಎಂಬ ವ್ಯವಸ್ಥೆಯ ಮೂಲಕ ಬಹಳ ವರ್ಷಗಳಿಂದ ನಡೆಸಿ ತೋರಿಸಿದ್ದಾರೆ. ನಿಮಗೆ ಅಷ್ಟು ದೊಡ್ಡ ವ್ಯವಸ್ಥೆ ಬೇಕಾಗಿಲ್ಲ. ಒಂದು ಬ್ಯಾಚಿನ ಟೆಸ್ಟುಗಳನ್ನು ಇನ್ನೊಂದು ಬ್ಯಾಚಿನ ಪ್ರೋಗ್ರಾಮುಗಳ ಮೇಲೆ ಓಡಿಸಿದರೂ ಆಯಿತು. ಲ್ಯಾಬ್ ಅಂದು ಗದ್ದಲವಾಗುತ್ತದೆ, ಆಗಲಿ.

ಮಾದರಿ ಇನ್‌ಪುಟ್ ಮತ್ತು ಉತ್ತರವನ್ನು ಶಿಕ್ಷಕರೇ ಮುದ್ರಿಸಿ ಕೊಡುವ ರೂಢಿಯನ್ನು ಮೊದಲ ಎರಡು ವಾರಗಳ ನಂತರ ನಿಲ್ಲಿಸುವುದು ಒಳ್ಳೆಯದು. ಅಡಗಿಸಿಟ್ಟ ಟೆಸ್ಟುಗಳಿಂದ ತಾನಾಗಿ ಅಂಕ ಕೊಡುವ ವ್ಯವಸ್ಥೆಗಳ ಬಗ್ಗೆಯೂ ನನಗೆ ಇದೇ ಅಸಮಾಧಾನ. ಅವು ನಿಮ್ಮ ಶ್ರಮ ಉಳಿಸುತ್ತವೆ ನಿಜ. ಆದರೆ ಯೋಚನೆಯ ಅತಿ ಮುಖ್ಯ ಭಾಗ ವಿದ್ಯಾರ್ಥಿಗೆ ಕಾಣದ ಕಡೆ ನಡೆದುಹೋಗುತ್ತದೆ, ಅವನು ಹಸಿರು ಗುರುತು ಬರುವತನಕ ಕೋಡನ್ನು ಅತ್ತಿತ್ತ ತಿರುಚುತ್ತಾನೆ.

ಉಪಕರಣಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸಿ ಭಾಷೆಯಲ್ಲೂ ಪೈಥಾನ್‌ನಲ್ಲೂ ಇರುವ, ಕೊಟ್ಟ ಶರತ್ತು ಸುಳ್ಳಾದರೆ ಪ್ರೋಗ್ರಾಮನ್ನು ತಡೆದು ತಿಳಿಸುವ ‘ಅಸರ್ಟ್’ ಒಂದೇ ಸಾಕು. ಜೆಯೂನಿಟ್, ಪೈಟೆಸ್ಟ್ ಮುಂತಾದವು ಎರಡನೇ ವರ್ಷಕ್ಕೆ ಬರಲಿ. ಟೆಸ್ಟನ್ನೇ ಮೊದಲು ಬರೆದು ಕೋಡನ್ನು ಆಮೇಲೆ ಬರೆಯಬೇಕು ಎಂಬ ಶಿಸ್ತನ್ನು ಕಟ್ಟುನಿಟ್ಟಾಗಿ ಹೇರಬೇಕೆಂದೂ ನಾನು ಹೇಳುವುದಿಲ್ಲ; ಉತ್ತರ ಮೊದಲು ಕಾಗದದ ಮೇಲೆ ಇದ್ದರೆ ಸಾಕು. ಕೊನೆಯ ವರ್ಷಗಳ ಐಚ್ಛಿಕ ವಿಷಯ ಇರಲೇಬೇಕು. ಕೋಡಿನ ಯಾವ ಸಾಲುಗಳು ಟೆಸ್ಟಿಗೆ ಸಿಕ್ಕಿಲ್ಲ ಎಂದು ಅಳೆಯುವುದು, ಹಳೆಯ ದೋಷ ಮರುಕಳಿಸದಂತೆ ನೋಡುವುದು, ಸಾವಿರಾರು ಜನ ಒಟ್ಟಿಗೆ ಬಂದಾಗ ವ್ಯವಸ್ಥೆ ತಾಳುತ್ತದೆಯೇ ಎಂದು ಪರೀಕ್ಷಿಸುವುದು, ಇವೆಲ್ಲ ಅಲ್ಲಿಗೇ ಸೇರಿದವು. ಮೊದಲ ವರ್ಷದ ಅಭ್ಯಾಸವಿದ್ದವರಿಗೆ ಆ ವಿಷಯ ಆಗ ಅರ್ಥವಾಗುತ್ತದೆ.

ಈಗ ವಿದ್ಯಾರ್ಥಿಗಳು ಎಐಯನ್ನು ಕೇಳಿ ಕೋಡ್ ತರುತ್ತಾರೆ, ನೀವು ತಡೆದರೂ ತರುತ್ತಾರೆ. ಇದರಿಂದ ನನ್ನ ವಾದ ಇನ್ನಷ್ಟು ಗಟ್ಟಿಯಾಗುತ್ತದೆ, ಏಕೆಂದರೆ ಬರೆದುಕೊಡುವವರು ಸುಲಭವಾಗಿ ಸಿಕ್ಕಾಗ ಸರಿ ತಪ್ಪು ಹೇಳಬಲ್ಲವರು ಬೇಕಾಗುತ್ತಾರೆ. ಟೆಸ್ಟುಗಳನ್ನೂ ಅದರಿಂದಲೇ ಬರೆಯಿಸಿದರೆ ಒಂದು ಅಪಾಯವಿದೆ: ಇರುವ ಕೋಡನ್ನು ನೋಡಿ ಬರೆದ ಟೆಸ್ಟು ಆ ಕೋಡ್ ಏನು ಮಾಡುತ್ತದೋ ಅದನ್ನೇ ಸರಿ ಎಂದು ದಾಖಲಿಸಿಬಿಡಬಹುದು. ನನ್ನ ಕಂತಿನ ಪ್ರೋಗ್ರಾಮಿಗೆ ಹಾಗೆ ಟೆಸ್ಟು ಬರೆಯಿಸಿದ್ದರೆ, ಮಾರ್ಚ್ 28 ಎಂಬುದೇ ನಿರೀಕ್ಷಿತ ಉತ್ತರವಾಗಿ ಕುಳಿತಿರುತ್ತಿತ್ತು.

ಟೆಸ್ಟಿಂಗಿಗೆ ಹಾಕುತ್ತಾರೆ ಎಂಬ ಭಯದ ವಿಷಯ. ಹಿಂಜವಡಿ, ಖರಾಡಿಯ ಕಂಪನಿಗಳಲ್ಲಿ ಬೇರೆಯವರು ಬರೆದುಕೊಟ್ಟ ಪಟ್ಟಿಯಂತೆ ಬಟನ್ ಒತ್ತಿ ಫಲಿತಾಂಶ ಗುರುತಿಸುವ ಕೆಲಸವೂ ಇದೆ, ಅದರಲ್ಲಿ ಸಿಲುಕಿದ ಬುದ್ಧಿವಂತರಿಗೆ ಬೇಸರವಾಗುವುದು ಸಹಜ. ಹೀಗಾಗಿ ಮಕ್ಕಳ ಭಯವನ್ನು ತಿಳಿಗೇಡಿತನ ಎಂದು ತಳ್ಳಿಹಾಕಬೇಡಿ. ಆದರೆ ಈ ಕೀಳರಿಮೆಯ ಬೇರು ಪಠ್ಯಕ್ರಮದಲ್ಲೂ ಇದೆ. ಕೋಡ್ ಬರೆಯುವುದನ್ನು ಎಲ್ಲರಿಗೂ ಮೊದಲು ಕಲಿಸಿ, ಪರೀಕ್ಷಿಸುವುದನ್ನು ಕೆಲವರಿಗೆ ಕೊನೆಯಲ್ಲಿ ಕಲಿಸಿದರೆ, ಎರಡನೆಯದು ಮೊದಲನೆಯದರಲ್ಲಿ ಹಿಂದೆ ಬಿದ್ದವರ ಕೆಲಸ ಎಂದು ಹದಿನೆಂಟರ ಹರೆಯದವರು ತಿಳಿಯದೆ ಇನ್ನೇನು ತಿಳಿಯುತ್ತಾರೆ? ಸಂದರ್ಶನಕ್ಕೆ ಹೋದ ನನ್ನ ವಿದ್ಯಾರ್ಥಿಗಳಿಗೆ ನಾನು ಕೊಡುವ ಸಲಹೆ ಒಂದಿದೆ: ಸಮಸ್ಯೆ ಕೊಟ್ಟ ಕೂಡಲೇ ಕೋಡ್ ಬರೆಯತೊಡಗಬೇಡಿ, ಪಟ್ಟಿ ಖಾಲಿಯಿದ್ದರೆ ಏನಾಗಬೇಕು, ಒಂದೇ ಅಂಶ ಎರಡು ಸಲ ಬಂದರೆ ಏನಾಗಬೇಕು ಎಂದು ಕೇಳಿ. ಈ ಪ್ರಶ್ನೆಗಳನ್ನು ಕೇಳಿದವರನ್ನು ಸಂದರ್ಶಕನಾಗಿ ನಾನು ಯಾವಾಗಲೂ ಮೇಲಿನ ಸಾಲಿನಲ್ಲಿ ಗುರುತಿಸಿದ್ದೇನೆ.

ಕನ್ನಡ ಮಾಧ್ಯಮದಿಂದ ಬಂದವರ ವಿಷಯವನ್ನು ನೀವು ಎತ್ತಿದ್ದು ನನಗೆ ಬಹಳ ಸಮಾಧಾನ ತಂದಿತು. ಜತ್ತ, ಅಕ್ಕಲಕೋಟೆಯಿಂದ ಬಂದ ಹುಡುಗರು ಮೊದಲ ಸೆಮಿಸ್ಟರಿನಲ್ಲಿ ಬಾಯಿ ಬಿಡದೆ ಕುಳಿತಿರುವುದನ್ನು ನಾನೂ ನೋಡಿದ್ದೇನೆ. ಅವರಿಗೆ ಲೂಪಿಗಿಂತ ಲೂಪಿನ ವಿವರಣೆಯ ಇಂಗ್ಲಿಷ್ ಕಷ್ಟ. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯಲ್ಲಿ ಕನ್ನಡ ಧ್ವನಿಯ ಪಾಠಗಳು ಉಚಿತವಾಗಿ ಸಿಗುತ್ತವೆ, ಅವರಿಗೆ ತಿಳಿಸಿ. ಅದಕ್ಕಿಂತ ಮುಖ್ಯವಾಗಿ, ನಿರೀಕ್ಷಿತ ಉತ್ತರವನ್ನೂ ಅದರ ಕಾರಣವನ್ನೂ ಅವರು ಕನ್ನಡದಲ್ಲೇ ಬರೆಯಲಿ, ಮರಾಠಿಯವರು ಮರಾಠಿಯಲ್ಲಿ ಬರೆಯಲಿ. ‘1.5 ಕಿ.ಮೀ.ಗೆ ಕನಿಷ್ಠ ದರ ಮಾತ್ರ, ಏಕೆಂದರೆ ಮೀಟರ್ ಇನ್ನೂ ಏರಿಲ್ಲ’ ಎಂದು ಬರೆಯಲು ಇಂಗ್ಲಿಷ್ ಬೇಕಾಗಿಲ್ಲ.

ಮುಂದಿನ ಪ್ರಾಕ್ಟಿಕಲ್‌ನಲ್ಲಿ ಪಾಲಿಂಡ್ರೋಮ್ ಪ್ರೋಗ್ರಾಮಿನಿಂದಲೇ ಆರಂಭಿಸಿ. ಕಂಪ್ಯೂಟರ್ ಚಾಲೂ ಮಾಡುವ ಮೊದಲು ಪ್ರತಿಯೊಬ್ಬರೂ ಜರ್ನಲ್‌ನ ಎಡಪುಟದಲ್ಲಿ ಐದು ಪದಗಳನ್ನೂ ಅವುಗಳ ಉತ್ತರಗಳನ್ನೂ ಬರೆಯಲಿ, ಅದರಲ್ಲಿ ಒಂದಾದರೂ ಅವರವರ ಮನೆಮಾತಿನದಾಗಿರಲಿ. ವಿಕಟಕವಿಯನ್ನು ನೀವಾಗಿ ಹೇಳಬೇಡಿ. ಅಕ್ಕಲಕೋಟೆಯ ಬೆಂಚಿನಿಂದ ಅದು ತಾನಾಗಿ ಬರುವ ಸಾಧ್ಯತೆ ಇದೆ, ಬಂದಾಗ ಆ ಹುಡುಗನ ಪರದೆಯ ಸುತ್ತ ಇಡೀ ಬ್ಯಾಚು ಸೇರಲಿ.